ಸಂಪಾದಕರ ಉತ್ತರ: ಬಿಳಿ ಬೆಕ್ಕಿನ ಯಜಮಾನ ಮರಳಿ ಬರುವನೇ?

ಮಾನ್ಯರೇ,

ಮಂಡ್ಯದಿಂದ ತಾವು ಬರೆದ ಆರು ಪುಟಗಳ ಪತ್ರ ಮೈಸೂರಿನ ನಮ್ಮ ಕಚೇರಿಗೆ ತಲುಪಿದೆ. ಜೇಮ್ಸ್ ಬಾಂಡ್ ಚಿತ್ರಮಾಲೆಯ ಖಳನಾಯಕರನ್ನು ಕುರಿತ ಕಳೆದ ಸಂಚಿಕೆಯ ಲೇಖನದಲ್ಲಿ, ಸ್ಪೆಕ್ಟರ್ ಎಂಬ ಅಪರಾಧಿ ಸಂಘಟನೆಯ ಮುಖ್ಯಸ್ಥನಾದ, ಬಿಳಿ ಬೆಕ್ಕಿನ ಯಜಮಾನ ಅರ್ನ್ಸ್ಟ್ ಸ್ಟಾವ್ರೊ ಬ್ಲೋಫೆಲ್ಡ್‌ನ ಕಥೆ 2021ಕ್ಕೆ ಮುಗಿಯಿತು ಎಂದು ಒಂದೇ ಸಾಲಿನಲ್ಲಿ ಷರಾ ಬರೆದು ಕೈತೊಳೆದುಕೊಂಡದ್ದು ತಮಗೆ ಒಪ್ಪಿಗೆಯಾಗಿಲ್ಲ. ‘ನೋ ಟೈಮ್ ಟು ಡೈ’ ಚಿತ್ರದಲ್ಲಿ ಲಂಡನ್ನಿನ ಬೆಲ್‌ಮಾರ್ಷ್ ಸೆರೆಮನೆಯಲ್ಲಿ ಸತ್ತವನು ಅಸಲಿ ಬ್ಲೋಫೆಲ್ಡ್ ಅಲ್ಲವೆಂದೂ, ಶಸ್ತ್ರಚಿಕಿತ್ಸೆಯಿಂದ ಅವನ ಮುಖ ಪಡೆದ ಬೇರೊಬ್ಬನೆಂದೂ, ಚಿತ್ರಮಾಲೆಯ ಹಿಡಿತ ಈಗ ಹೊಸಬರ ಕೈಗೆ ಹೋಗಿರುವುದರಿಂದ ಮುಂದಿನ ಮೊದಲ ಚಿತ್ರದಲ್ಲಿಯೇ ಅವನು ಬಂದೇ ತೀರುವನೆಂದೂ ತಾವು ವಾದಿಸಿದ್ದೀರಿ. ಜೊತೆಗೆ ನಮ್ಮ ಲೇಖನದಲ್ಲಿದ್ದ ಒಂದು ತಪ್ಪನ್ನೂ ಎತ್ತಿ ತೋರಿಸಿದ್ದೀರಿ. ಆ ಲೇಖನವನ್ನು ಬರೆದವನು ನಾನೇ ಆದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ.

ತಪ್ಪಿನಿಂದಲೇ ಆರಂಭಿಸುತ್ತೇನೆ. 1971ರ ‘ಡೈಮಂಡ್ಸ್ ಆರ್ ಫಾರೆವರ್’ ಆದ ಮೇಲೆ 2015ರ ‘ಸ್ಪೆಕ್ಟರ್’ ಬರುವವರೆಗೆ ಬ್ಲೋಫೆಲ್ಡ್ ಎಂಬ ಹೆಸರಿನ ಪಾತ್ರ ಯಾವ ಬಾಂಡ್ ಚಿತ್ರದಲ್ಲಿಯೂ ಇರಲಿಲ್ಲ ಎಂದು ನಾನು ಬರೆದದ್ದು ಸರಿಯಲ್ಲ. 1983ರ ‘ನೆವರ್ ಸೇ ನೆವರ್ ಅಗೇನ್’ ಚಿತ್ರದಲ್ಲಿ ಮ್ಯಾಕ್ಸ್ ವಾನ್ ಸಿಡೋ ಆ ಪಾತ್ರವನ್ನು ಮಾಡಿದ್ದಾರೆ. ಅದು ಮೂಲ ಚಿತ್ರಮಾಲೆಯ ನಿರ್ಮಾಪಕರು ಮಾಡಿದ ಚಿತ್ರವಲ್ಲ ಎಂಬ ಕಾರಣಕ್ಕೆ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಹಾಗೆಂದು ಲೇಖನದಲ್ಲಿ ಎಲ್ಲಿಯೂ ಹೇಳದೆ ಹೋದದ್ದು ತಪ್ಪೇ. ಅದೇ ವರ್ಷ ಮೂಲ ಮಾಲೆಯಿಂದ ರೋಜರ್ ಮೂರ್ ಅವರ ‘ಆಕ್ಟೋಪಸಿ’ಯೂ ಬಂದಿತ್ತು. ಉದಯಪುರದಲ್ಲಿ ಚಿತ್ರೀಕರಣಗೊಂಡು, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಅವರೂ ಕಬೀರ್ ಬೇಡಿಯವರೂ ನಟಿಸಿದ ಆ ಚಿತ್ರದ ನೆನಪು ನಮ್ಮಲ್ಲಿ ಎಷ್ಟು ಗಾಢವಾಗಿದೆಯೆಂದರೆ, ಅದೇ ವರ್ಷ ಶಾನ್ ಕಾನರಿ ಇನ್ನೊಂದು ಬಾಂಡ್ ಚಿತ್ರದಲ್ಲಿ ನಟಿಸಿದ್ದು ಮರೆತೇ ಹೋಗುತ್ತದೆ.

ಕಾನರಿಯವರ ಈ ‘ನೆವರ್ ಸೇ ನೆವರ್ ಅಗೇನ್’ ಚಿತ್ರ ಹುಟ್ಟಿದ್ದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬ್ಲೋಫೆಲ್ಡ್ ಹೋದದ್ದಕ್ಕೂ ಬಂದದ್ದಕ್ಕೂ ಕಾರಣ ಅಲ್ಲಿಯೇ ಇದೆ. 1950ರ ದಶಕದ ಕೊನೆಯಲ್ಲಿ ಬಾಂಡ್ ಕಾದಂಬರಿಗಳ ಕರ್ತೃ ಇಯಾನ್ ಫ್ಲೆಮಿಂಗ್, ನಿರ್ಮಾಪಕ ಕೆವಿನ್ ಮೆಕ್ಲೋರಿ ಮತ್ತು ಚಿತ್ರಕಥೆಗಾರ ಜ್ಯಾಕ್ ವಿಟಿಂಗ್‌ಹ್ಯಾಮ್ ಕೂಡಿ ಒಂದು ಬಾಂಡ್ ಚಿತ್ರಕ್ಕೆ ಕಥೆ ಹೆಣೆದರು. ಚಿತ್ರ ಕೈಗೂಡಲಿಲ್ಲ. ಫ್ಲೆಮಿಂಗ್ ಅದೇ ಕಥೆಯನ್ನು ‘ಥಂಡರ್‌ಬಾಲ್’ ಎಂಬ ಕಾದಂಬರಿಯಾಗಿಸಿ 1961ರಲ್ಲಿ ಪ್ರಕಟಿಸಿದಾಗ ಮೆಕ್ಲೋರಿ ನ್ಯಾಯಾಲಯದ ಮೆಟ್ಟಿಲೇರಿದರು. 1963ರಲ್ಲಿ ಆದ ರಾಜಿಯಂತೆ ಆ ಕಥೆಯನ್ನು ಚಿತ್ರವಾಗಿಸುವ ಹಕ್ಕು ಮೆಕ್ಲೋರಿಯವರ ಪಾಲಿಗೆ ಬಂದಿತು. 1983ರ ಆ ಚಿತ್ರ ಹುಟ್ಟಿದ್ದು ಈ ಹಕ್ಕಿನಿಂದಲೇ. 1965ರ ‘ಥಂಡರ್‌ಬಾಲ್’ ಚಿತ್ರವನ್ನು ಮೂಲ ನಿರ್ಮಾಪಕರು ಅವರ ಜೊತೆಗೂಡಿಯೇ ಮಾಡಿದರು. ಆದರೆ ಬ್ಲೋಫೆಲ್ಡ್ ಮತ್ತು ಅವನ ಸ್ಪೆಕ್ಟರ್ ಸಂಘಟನೆ ಮೊದಲು ಕಾಣಿಸಿಕೊಂಡದ್ದೇ ಆ ಕಥೆಯಲ್ಲಾದ್ದರಿಂದ, ಅವೆರಡೂ ಯಾರ ಸೊತ್ತು ಎಂಬ ವ್ಯಾಜ್ಯ ಮುಂದೆ ದಶಕಗಳ ಕಾಲ ಬಗೆಹರಿಯದೆ ಉಳಿಯಿತು. 1977ರ ‘ದ ಸ್ಪೈ ಹೂ ಲವ್ಡ್ ಮಿ’ ಚಿತ್ರಕ್ಕೆ ಮೊದಲು ಯೋಚಿಸಿದ್ದ ಸ್ಪೆಕ್ಟರನ್ನು ಕೈಬಿಟ್ಟು, ಸ್ಟ್ರೋಂಬರ್ಗ್ ಎಂಬ ಹಡಗುಗಳ ಒಡೆಯನನ್ನು ಖಳನನ್ನಾಗಿಸಿದ್ದು ಈ ತಕರಾರಿನಿಂದ. ನಮ್ಮ ಕಡೆ ಹೊಲದ ಬದುವಿನ ಮೇಲೆ ತಾತನ ಕಾಲದಲ್ಲಿ ಹೂಡಿದ ದಾವೆ ಮೊಮ್ಮಕ್ಕಳ ಕಾಲಕ್ಕೆ ತೀರ್ಮಾನವಾಗುತ್ತದಲ್ಲ, ಇದೂ ಹಾಗೆಯೇ. ಮೆಕ್ಲೋರಿ 2006ರಲ್ಲಿ ತೀರಿಕೊಂಡರು. 2013ರ ನವೆಂಬರಿನಲ್ಲಿ ಅವರ ವಾರಸುದಾರರಿಂದ ಎಲ್ಲ ಹಕ್ಕುಗಳನ್ನೂ ಖರೀದಿಸಿದ ಮೇಲೆ ಬ್ಲೋಫೆಲ್ಡ್ ಮೂಲ ಮಾಲೆಯವರಿಗೆ ಮತ್ತೆ ದಕ್ಕಿದ. ಎರಡೇ ವರ್ಷದಲ್ಲಿ ‘ಸ್ಪೆಕ್ಟರ್’ ತೆರೆಗೆ ಬಂದಿತು.

1981ರ ‘ಫಾರ್ ಯುವರ್ ಐಸ್ ಓನ್ಲಿ’ ಚಿತ್ರದ ಆರಂಭದಲ್ಲಿ ಬರುವ ಗಾಲಿಕುರ್ಚಿಯ ಮನುಷ್ಯ ಯಾರು ಎಂಬ ತಮ್ಮ ಪ್ರಶ್ನೆಗೂ ಉತ್ತರ ಇದರಲ್ಲಿಯೇ ಅಡಗಿದೆ. ಬೋಳು ತಲೆ, ಬೂದು ಬಣ್ಣದ ಉಡುಪು, ತೊಡೆಯ ಮೇಲೆ ಬಿಳಿ ಬೆಕ್ಕು, ಎಲ್ಲವೂ ಉಂಟು. ಹೆಸರು ಮಾತ್ರ ಇಲ್ಲ. ಹೆಸರು ಹೇಳಿದರೆ ವ್ಯಾಜ್ಯ, ಹೇಳದೆ ಹೋದರೂ ಪ್ರೇಕ್ಷಕನಿಗೆ ಗೊತ್ತು. ಬಾಂಡ್ ತನ್ನ ಹೆಂಡತಿಯ ಸಮಾಧಿಗೆ ಹೂವಿಟ್ಟು ಬಂದ ಬೆನ್ನಿಗೇ ಈ ಮನುಷ್ಯನನ್ನು ಹೆಲಿಕಾಪ್ಟರಿನಿಂದ ಕಾರ್ಖಾನೆಯ ಚಿಮಣಿಯೊಳಕ್ಕೆ ಬೀಳಿಸುತ್ತಾನೆ. ‘ನೀನಿಲ್ಲದೆಯೂ ನಮ್ಮ ಕೆಲಸ ನಡೆಯುತ್ತದೆ’ ಎಂದು ನಿರ್ಮಾಪಕರು ಮೆಕ್ಲೋರಿಯವರಿಗೆ ಕೊಟ್ಟ ಉತ್ತರವೆಂದೇ ನಾನು ಆ ದೃಶ್ಯವನ್ನು ನೋಡುತ್ತೇನೆ. ಅವನು ಚಿಮಣಿಯಿಂದ ಬದುಕಿ ಬಂದಿರಬಹುದೆಂಬ ತಮ್ಮ ಊಹೆಯನ್ನು ನಾನು ಒಪ್ಪಲಾರೆ.

ಇನ್ನು ಪ್ರತಿರೂಪದ ವಾದ. 1971ರ ಚಿತ್ರದಲ್ಲಿ ಬ್ಲೋಫೆಲ್ಡ್ ತನ್ನಂತೆಯೇ ಕಾಣುವವರನ್ನು ಶಸ್ತ್ರಚಿಕಿತ್ಸೆಯಿಂದ ತಯಾರಿಸುತ್ತಾನೆ ಎಂಬುದು ನಿಜ. ಅದನ್ನೇ ಆಧಾರವಾಗಿಟ್ಟುಕೊಂಡು ಬೆಲ್‌ಮಾರ್ಷ್‌ನಲ್ಲಿ ಸತ್ತವನೂ ಅಂಥವನೇ ಎಂದು ತಾವು ಹೇಳುತ್ತೀರಿ. ಇಲ್ಲಿರುವ ತೊಡಕು ಏನೆಂದರೆ, 1962ರಿಂದ 2002ರವರೆಗಿನ ಚಿತ್ರಗಳು ಒಂದು ಸರಣಿ. 2006ರ ‘ಕಸೀನೊ ರೊಯಾಲ್’ನಲ್ಲಿ ಬಾಂಡ್‌ಗೆ ಕೊಲ್ಲುವ ಪರವಾನಗಿ ಸಿಗುವ ಗಳಿಗೆಯಿಂದ ಕಥೆಯನ್ನು ಹೊಸದಾಗಿ ಆರಂಭಿಸಿದ ಡೇನಿಯಲ್ ಕ್ರೇಗ್ ಅವರ ಐದು ಚಿತ್ರಗಳು ಬೇರೆ ಸರಣಿ. ಈ ಹೊಸ ಸರಣಿಯಲ್ಲಿನ ಕ್ರಿಸ್ಟೋಫ್ ವಾಲ್ಟ್ಸ್ ಅವರ ಬ್ಲೋಫೆಲ್ಡ್‌ಗೆ 1971ರ ಚಾರ್ಲ್ಸ್ ಗ್ರೇ ಅವರ ಬ್ಲೋಫೆಲ್ಡ್ ಮಾಡಿದ್ದೇನೂ ಗೊತ್ತಿಲ್ಲ. ಒಂದು ಮೊಕದ್ದಮೆಯ ಸಾಕ್ಷಿಯನ್ನು ಇನ್ನೊಂದರಲ್ಲಿ ಹಾಜರುಪಡಿಸಿದರೆ ಯಾವ ನ್ಯಾಯಾಧೀಶರು ಒಪ್ಪುತ್ತಾರೆ? ಸಾಲದ್ದಕ್ಕೆ 2021ರ ಚಿತ್ರದ ವಿಷವು ವ್ಯಕ್ತಿಯ ವಂಶವಾಹಿಯನ್ನು ಗುರುತಿಸಿ ಕೊಲ್ಲುವಂಥದು. ಮುಖ ಬದಲಿಸಿಕೊಂಡವನನ್ನು ಅದು ಅಸಲಿಯೆಂದು ಭಾವಿಸುವ ಹಾಗಿಲ್ಲ. ಸತ್ತವನು ಅವನೇ.

ಆದರೆ ಅವನು ಸತ್ತದ್ದು ಮರಳಿ ಬರಲು ಅಡ್ಡಿಯಾಗುವುದಿಲ್ಲ, ಮತ್ತು ನನ್ನ ಲೇಖನದ ಆ ಒಂದು ಸಾಲು ನಿಜವಾಗಿ ದುಡುಕಿನದಾದದ್ದು ಈ ಕಾರಣಕ್ಕೆ. ಅದೇ ಚಿತ್ರದಲ್ಲಿ ಬಾಂಡ್ ಕೂಡ ಸತ್ತಿದ್ದಾನೆ. ನಾಯಕನೇ ಹೊಸ ಮುಖದಿಂದ ಎದ್ದು ಬರಬಹುದಾದರೆ ಖಳನಿಗೆ ಮಾತ್ರ ಮರಣ ಪ್ರಮಾಣಪತ್ರ ಕೇಳುವುದು ನ್ಯಾಯವಲ್ಲ. ಜಯವಿಜಯರು ಶಾಪಗ್ರಸ್ತರಾಗಿ ಹಿರಣ್ಯಕಶಿಪು, ರಾವಣ, ಶಿಶುಪಾಲ ಎಂದು ಮೂರು ಬಾರಿ ಹುಟ್ಟಿಬಂದ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ.

ಮುಖದ ವಿಷಯದಲ್ಲಿ ತಾವು ತೋರಿದ ಕಳವಳಕ್ಕಂತೂ ಮಂಡ್ಯದವರಾದ ತಮ್ಮಲ್ಲಿಯೇ ಉತ್ತರವಿದೆ. ಆರಂಭದ ಚಿತ್ರಗಳಲ್ಲಿ ಆಂತನಿ ಡಾಸನ್ ಅವರ ಕೈ, ಎರಿಕ್ ಪೋಲ್ಮನ್ ಅವರ ದನಿ. 1967ರಲ್ಲಿ ಕಣ್ಣಿನ ಮೇಲೆ ಗಾಯದ ಗುರುತಿನ ಡೊನಾಲ್ಡ್ ಪ್ಲೆಸೆನ್ಸ್. 1969ರಲ್ಲಿ ಹಿಮದ ಮೇಲೆ ಬೆನ್ನಟ್ಟಿ ಬರಬಲ್ಲ ಗಟ್ಟಿಮುಟ್ಟಾದ ಟೆಲ್ಲಿ ಸವಾಲಸ್. 1971ರಲ್ಲಿ ತಲೆತುಂಬ ಕೂದಲಿನ ಚಾರ್ಲ್ಸ್ ಗ್ರೇ. ಇಷ್ಟು ಮುಖಗಳನ್ನು ಒಬ್ಬನೇ ಎಂದು ನಂಬುವುದು ಹೇಗೆ ಎಂದು ಕೇಳಿದ್ದೀರಿ. ತಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ ಕುರುಕ್ಷೇತ್ರ ನಾಟಕವನ್ನು ನೆನೆಸಿಕೊಳ್ಳಿ. ಪಾತ್ರಕ್ಕೆ ದುಡ್ಡು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಒಂದೇ ರಾತ್ರಿಯಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರವನ್ನು ಹಂಚಿಕೊಂಡು ಆಡುತ್ತಾರೆ. ಒಬ್ಬ ಕೃಷ್ಣ ಸಣಕಲು, ಇನ್ನೊಬ್ಬ ಹೊಟ್ಟೆಯುಳ್ಳವನು. ಸಭೆಯಲ್ಲಿ ಕುಳಿತವರು ಯಾರಾದರೂ ತಕರಾರು ಮಾಡುತ್ತಾರೆಯೇ? ನವಿಲುಗರಿ ಕಂಡರೆ ಕೃಷ್ಣ, ಗದೆ ಹೆಗಲೇರಿದರೆ ದುರ್ಯೋಧನ. ಬ್ಲೋಫೆಲ್ಡ್‌ನ ಗದೆ ಆ ಬಿಳಿ ಬೆಕ್ಕು. (ಹೀಗಿದ್ದರೂ 1967ರಲ್ಲಿ ಬಾಂಡ್‌ನನ್ನು ಎದುರಾಎದುರು ಕಂಡವನು 1969ರಲ್ಲಿ ಅವನ ಗುರುತು ಹಿಡಿಯದೆ ಹೋಗುವುದು ನನಗೂ ಜೀರ್ಣವಾಗಿಲ್ಲ. ಕಾದಂಬರಿಗಳ ಕ್ರಮವನ್ನು ಚಿತ್ರಗಳಲ್ಲಿ ಹಿಂದುಮುಂದು ಮಾಡಿದ್ದರಿಂದ ಆದ ಎಡವಟ್ಟು ಅದು.)

ಹಾಗಾದರೆ ಅವನು ಮರಳಿ ಬರಬೇಕಾದದ್ದು ಯಾತಕ್ಕೆ? ತಮ್ಮ ಪತ್ರದಲ್ಲಿ ಈ ಪ್ರಶ್ನೆಯೇ ಇಲ್ಲ, ನನಗೆ ಮುಖ್ಯವೆನಿಸುವುದು ಇದೊಂದೇ. 1963ರ ‘ಫ್ರಮ್ ರಷ್ಯಾ ವಿತ್ ಲವ್’ ಚಿತ್ರದಲ್ಲಿ, ಮುಖ ಕಾಣದ ಬ್ಲೋಫೆಲ್ಡ್ ಗಾಜಿನ ತೊಟ್ಟಿಯಲ್ಲಿರುವ ಮೂರು ಜಗಳಗಂಟ ಮೀನುಗಳನ್ನು ತೋರಿಸುತ್ತಾನೆ. ಎರಡು ಕಾದಾಡುತ್ತವೆ, ಮೂರನೆಯದು ಗೆದ್ದ ಮೀನು ದಣಿಯುವವರೆಗೆ ಕಾಯುತ್ತದೆ. ಆ ಮೂರನೆಯದೇ ಸ್ಪೆಕ್ಟರ್. ಮೂಲ ಕಾದಂಬರಿಯಲ್ಲಿ ಶತ್ರು ಸೋವಿಯತ್ ಬೇಹುಗಾರಿಕೆಯಾಗಿದ್ದರೆ, ಚಿತ್ರದವರು ಅದನ್ನು ಬದಲಿಸಿ, ಎರಡು ಬಣಗಳ ಹಗೆಯನ್ನೇ ಬಂಡವಾಳ ಮಾಡಿಕೊಂಡು, ಯಾವ ದೇಶಕ್ಕೂ ಯಾವ ತತ್ತ್ವಕ್ಕೂ ಸೇರದೆ ಬೆಲೆ ಕಟ್ಟಿ ವ್ಯವಹರಿಸುವ ಒಂದು ಸಂಘಟನೆಯನ್ನು ತಂದು ಕೂರಿಸಿದರು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂಬ ನಮ್ಮ ಮಾತಿಗೆ ಅಂಗಿ ತೊಡಿಸಿದಂಥ ಪಾತ್ರ ಅದು. ಬ್ಲೋಫೆಲ್ಡ್‌ಗೆ ಬಾಂಡ್ ಮೇಲೆ ಆಗ ಸ್ವಂತ ದ್ವೇಷವೇನೂ ಇರಲಿಲ್ಲ. ಬಾಂಡ್ ಲೆಕ್ಕದ ಪುಸ್ತಕದಲ್ಲಿ ಬಂದ ಒಂದು ನಷ್ಟ, ಅಷ್ಟೆ. ಅವನ ಭಯಂಕರತೆ ಇದ್ದದ್ದು ಈ ತಣ್ಣನೆಯ ಗುಣದಲ್ಲಿ.

2015ರಲ್ಲಿ ಅದನ್ನು ಹಾಳು ಮಾಡಿದರು. ಅನಾಥ ಬಾಲಕ ಬಾಂಡ್‌ನನ್ನು ಸಲಹಿದ ಹಾನೆಸ್ ಓಬರ್‌ಹೌಸರ್ ಎಂಬುವರ ಸ್ವಂತ ಮಗನೇ ಬ್ಲೋಫೆಲ್ಡ್ ಎಂದೂ, ತಂದೆಯ ಪ್ರೀತಿ ಹೊರಗಿನಿಂದ ಬಂದ ಹುಡುಗನ ಪಾಲಾಯಿತೆಂಬ ಹೊಟ್ಟೆಕಿಚ್ಚಿನಿಂದ ತಂದೆಯನ್ನೇ ಕೊಂದನೆಂದೂ ಕಥೆ ಕಟ್ಟಿದರು. ಲೋಕವನ್ನೇ ಒತ್ತೆಯಿಡಬಲ್ಲವನನ್ನು ದಾಯಾದಿ ಮತ್ಸರದ ಮಟ್ಟಕ್ಕೆ ಇಳಿಸಿದ್ದು ಇದು. ದಾಯಾದಿ ಮತ್ಸರ ಸಣ್ಣ ವಿಷಯವೆಂದು ನಾನು ಹೇಳುತ್ತಿಲ್ಲ. ಕುರುಕ್ಷೇತ್ರ ನಿಂತಿರುವುದೇ ಅದರ ಮೇಲೆ. ಆದರೆ ದುರ್ಯೋಧನನ ಮತ್ಸರ ಆಟದ ಮನೆಯಿಂದ, ಅರಗಿನ ಮನೆಯಿಂದ, ದ್ಯೂತದಿಂದ ಹಂತಹಂತವಾಗಿ ಬೆಳೆದು ಬರುತ್ತದೆ. ಇಲ್ಲಿ ಕ್ರೇಗ್ ಅವರ ಹಿಂದಿನ ಮೂರು ಚಿತ್ರಗಳಲ್ಲಿ ಸುಳಿವೇ ಇಲ್ಲದ ಸಂಬಂಧವನ್ನು ನಾಲ್ಕನೆಯದರಲ್ಲಿ ತಂದು ಅಂಟಿಸಲಾಯಿತು. ಅಭಿಮಾನಿಗಳ ಊಹೆಗಳನ್ನು ತಪ್ಪಿಸಲೆಂದು, ತಾವು ಮಾಡುತ್ತಿರುವುದು ಆ ಪಾತ್ರವಲ್ಲವೆಂದು ವಾಲ್ಟ್ಸ್ ಬಿಡುಗಡೆಗೆ ಮುನ್ನ ಹೇಳಿದರು, ಯಾರೂ ನಂಬಲಿಲ್ಲ. ಪ್ರೇಕ್ಷಕರೆಲ್ಲ ಬಲ್ಲ ಸಂಗತಿ ತೆರೆಯ ಮೇಲೆ ರಹಸ್ಯವಾಗಿ ಹೊರಬೀಳುವಾಗ ಚಿತ್ರಮಂದಿರದಲ್ಲಿ ಉಂಟಾಗುವ ಮುಜುಗರವನ್ನು ತಾವೂ ಅನುಭವಿಸಿರಬೇಕು.

ಈಗ ಮುಂದೇನು? ಅಮೆಜಾನ್ 2022ರಲ್ಲಿ ಬಾಂಡ್ ಚಿತ್ರಗಳ ಪಾಲುದಾರನಾದ ಎಂ.ಜಿ.ಎಂ. ಚಿತ್ರಸಂಸ್ಥೆಯನ್ನು ಕೊಂಡಿತು, 2025ರ ಫೆಬ್ರವರಿಯಲ್ಲಿ ಮೂಲ ಮಾಲೆಯ ನಿರ್ಮಾಪಕರಾದ ಬಾರ್ಬರಾ ಬ್ರೊಕೊಲಿ ಮತ್ತು ಮೈಕೇಲ್ ವಿಲ್ಸನ್ ಅವರಿಂದ ಚಿತ್ರಮಾಲೆಯ ಸೃಜನಾತ್ಮಕ ಹಿಡಿತವೂ ಅದರ ಕೈಗೆ ಬಂದಿತು. ಆ ಬಳಿಕ ನಿರ್ದೇಶಕರಾಗಿ ಡೆನಿ ವಿಲ್ನೆವ್, ಬರಹಗಾರರಾಗಿ ಸ್ಟೀವನ್ ನೈಟ್ ಅವರ ಹೆಸರು ಪ್ರಕಟವಾಯಿತು. ಇಷ್ಟರಿಂದ ಬ್ಲೋಫೆಲ್ಡ್ ಮೊದಲ ಚಿತ್ರದಲ್ಲಿಯೇ ಬರುವನೆಂದು ತೀರ್ಮಾನಿಸುವುದು ಮೋಡ ನೋಡಿ ಮಡಕೆ ಒಡೆದಂತೆ. ಹಕ್ಕಿನ ಅಡ್ಡಿ ಇಲ್ಲ ಎಂಬುದರಲ್ಲಿ ತಮ್ಮ ಮಾತು ನಿಜ. ಬರುವನೇ ಎಂದು ಕೇಳಿದರೆ ಎಂದಾದರೊಂದು ದಿನ ಬರುವನೆಂದೇ ನನ್ನ ಎಣಿಕೆ. ಕೊಂಡವರು ಇಂಥ ಆಸ್ತಿಯನ್ನು ಪಾಳು ಬಿಡುವುದಿಲ್ಲ. ಆದರೆ ಮೊದಲ ಚಿತ್ರದಲ್ಲಿ ಬಾರದಿರಲಿ ಎಂದು ಹಾರೈಸುತ್ತೇನೆ. 1962ರ ‘ಡಾಕ್ಟರ್ ನೋ’ದಲ್ಲಿ ಸ್ಪೆಕ್ಟರ್ ಎಂಬ ಹೆಸರಷ್ಟೇ ಕಿವಿಗೆ ಬಿತ್ತು. ಮರುವರ್ಷ ಬೆಕ್ಕಿನ ಮೈ ಸವರುವ ಕೈ ಕಂಡಿತು. 1965ರಲ್ಲಿ ಮರೆಯ ಹಿಂದೆ ಕುಳಿತು, ಹಣ ಕದ್ದ ತನ್ನವನನ್ನೇ ಕುರ್ಚಿಯಲ್ಲಿ ಸುಟ್ಟ ದನಿ ಕೇಳಿತು. ಮುಖ ಕಂಡದ್ದು 1967ರಲ್ಲಿ. ಪ್ರೇಕ್ಷಕನನ್ನು ಐದು ವರ್ಷ ಕಾಯಿಸುವ ತಾಳ್ಮೆ ಇಂದಿನ ನಿರ್ಮಾಪಕರಿಗೆ ಇದ್ದರೆ ಆ ಬೆಕ್ಕನ್ನು ಧಾರಾಳವಾಗಿ ಹೊರತೆಗೆಯಲಿ.

ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳಿಗೂ ಇಂಥದೊಬ್ಬ ಖಾಯಂ ಖಳನಿದ್ದಿದ್ದರೆ ಹೇಗಿರುತ್ತಿತ್ತು ಎಂಬ ತಮ್ಮ ಟಿಪ್ಪಣಿ ಸೊಗಸಾಗಿದೆ. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗಿನ ಆ ನಾಲ್ಕು ಚಿತ್ರಗಳ ಬಗ್ಗೆ ತಾವೇ ಒಂದು ಲೇಖನ ಬರೆದು ಕಳುಹಿಸಿದರೆ ಪ್ರಕಟಿಸಲು ಸಂತೋಷ.

ಕೊನೆಯ ಪುಟದಲ್ಲಿ ತಾವು ಪಾತ್ರಗಳ ಹೆಸರನ್ನು ಬರೆದು, ಎದುರಿಗೆ ತಮ್ಮ ಆಯ್ಕೆಯ ನಟರನ್ನು ತುಂಬಿ, ಬ್ಲೋಫೆಲ್ಡ್‌ನ ಎದುರಿನ ಜಾಗವನ್ನು ನನಗಾಗಿ ಖಾಲಿ ಬಿಟ್ಟಿದ್ದೀರಿ. 1963ರ ಚಿತ್ರದ ತಾರಾಗಣದ ಪಟ್ಟಿಯಲ್ಲಿ ಆ ಹೆಸರಿನ ಎದುರು ನಟನ ಹೆಸರಿರಲಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ನಾನೂ ಅದನ್ನೇ ತುಂಬಿದ್ದೇನೆ. ಪತ್ರದ ಮೊದಲ ಎರಡು ಪುಟಗಳನ್ನು ಮುಂದಿನ ಸಂಚಿಕೆಯ ವಾಚಕರ ವಿಭಾಗದಲ್ಲಿ ತಪ್ಪೊಪ್ಪಿಗೆಯೊಡನೆ ಅಚ್ಚು ಹಾಕುತ್ತೇವೆ. ತಾವು ಬಿಡಿಸಿ ಕಳುಹಿಸಿದ ಸ್ಪೆಕ್ಟರ್ ಲಾಂಛನವಾದ ಆಕ್ಟೋಪಸ್ ಉಂಗುರದ ಚಿತ್ರವನ್ನೂ ಜೊತೆಗೆ ಹಾಕುವ ಆಸೆಯಿತ್ತು. ಪೆನ್ಸಿಲ್ ಗೆರೆ ತೀರ ತೆಳುವಾಗಿರುವುದರಿಂದ ದಯವಿಟ್ಟು ಶಾಯಿಯಲ್ಲಿ ಇನ್ನೊಮ್ಮೆ ಬರೆದು ಕಳುಹಿಸಿ.

ತಮ್ಮ ವಿಶ್ವಾಸಿ,
ಸಂಪಾದಕ