‘ಮುಂದುವರಿಸಲಾಗಬೇಕಿತ್ತು’: ಒಬ್ಬ ಲೇಖಕರಿಗೆ ಉತ್ತರ

ಆತ್ಮೀಯರೇ,

ಯಾದಗಿರಿಯಿಂದ ನೀವು ನಮ್ಮ ಮಾಸಿಕಕ್ಕೆ ಕಳುಹಿಸಿದ ‘ತೆರೆಯಬಾರದಿದ್ದ ಬಾಗಿಲು’ ಎಂಬ ಲೇಖನವನ್ನು ಎರಡು ಸಲ ಓದಿದೆ. ಮೊದಲ ಓದಿನಲ್ಲಿ ಗಂಟಲು ಕಟ್ಟಿತು, ಎರಡನೆಯ ಓದಿನಲ್ಲಿ ಸಿಟ್ಟು ಬಂತು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಏಕೆಂಬುದನ್ನು ಎರಡು ಸಾಲಿನಲ್ಲಿ ತಿಳಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ, ಅದಕ್ಕಾಗಿ ಈ ಪತ್ರ ಉದ್ದವಾಗಿದೆ.

ನಿಮ್ಮ ಭಾಷೆ ಶುದ್ಧವಾಗಿದೆ, ಅಕ್ಷರ ದೋಷಗಳಿಲ್ಲ. 2021ರ ಮೇ ತಿಂಗಳ ಆ ರಾತ್ರಿ ತಂದೆಯವರನ್ನು ಬಾಡಿಗೆ ವಾಹನದಲ್ಲಿ ಮಲಗಿಸಿಕೊಂಡು ಯಾದಗಿರಿಯಿಂದ ಕಲಬುರಗಿಗೆ ಬಂದು, ಆಮ್ಲಜನಕದ ಹಾಸಿಗೆಗಾಗಿ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಅಲೆದ ಮೊದಲ ಎರಡು ಪುಟಗಳಲ್ಲಿ ನಾನು ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ನಾನು ಬರೆಯುವುದೆಲ್ಲ ಉಳಿದ ನಾಲ್ಕು ಪುಟಗಳ ಬಗ್ಗೆ.

ಆ ನಾಲ್ಕು ಪುಟಗಳ ವಾದ ಇಷ್ಟು: ಕರ್ನಾಟಕ ಸರ್ಕಾರ 2022ರ ಜನವರಿಯ ಕೊನೆಯಲ್ಲಿ ರಾತ್ರಿ ಕರ್ಫ್ಯೂವನ್ನೂ, ಆಮೇಲೆ ಉಳಿದ ನಿರ್ಬಂಧಗಳನ್ನೂ ಹಿಂದಕ್ಕೆ ಪಡೆದದ್ದು ತಪ್ಪು, ಲಸಿಕೆ ಬೇಡವೆಂದವರು ಇನ್ನೂ ಇದ್ದುದರಿಂದ ಅವರೆಲ್ಲರೂ ಹಾಕಿಸಿಕೊಳ್ಳುವ ತನಕ ನಿರ್ಬಂಧಗಳು ಇರಬೇಕಿತ್ತು, ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದಾಗಲಾದರೂ ಹಾಗೆಯೇ ಆಗಬೇಕು. ಈ ಅಭಿಪ್ರಾಯ ನನ್ನದಲ್ಲ. ಆದರೆ ನನ್ನದಲ್ಲದ ಎಷ್ಟೋ ಅಭಿಪ್ರಾಯಗಳನ್ನು ನಾವು ಅಚ್ಚು ಹಾಕಿದ್ದೇವೆ. ನನ್ನನ್ನು ಕೆರಳಿಸಿದ್ದು ಅದನ್ನು ಹೇಳಲು ನೀವು ಆರಿಸಿಕೊಂಡ ಕ್ರಿಯಾಪದ.

ಮೂರನೆಯ ಪುಟದ ಮೊದಲ ವಾಕ್ಯವನ್ನು ನೋಡಿ: ‘ಕೆಲವರು ಲಸಿಕೆಯನ್ನು ನಿರಾಕರಿಸುತ್ತಿದ್ದುದರಿಂದ ನಿರ್ಬಂಧಗಳನ್ನು ಮುಂದುವರಿಸಲಾಗಬೇಕಿತ್ತು.’ ಯಾರು ಮುಂದುವರಿಸಬೇಕಿತ್ತು? ಯಾರ ಮೇಲೆ? ಎಷ್ಟು ದಿನ? ನಮ್ಮ ವ್ಯಾಕರಣದ ಹಳೆಯ ಕರ್ಮಣಿ ಪ್ರಯೋಗದಲ್ಲಿ, ಅದು ಎಷ್ಟೇ ತೊಡಕಿನದಾದರೂ, ‘ಸರ್ಕಾರದಿಂದ ಮುಚ್ಚಲ್ಪಟ್ಟಿತು’ ಎಂದು ಕರ್ತೃವಿಗೆ ಒಂದು ಮೂಲೆಯಲ್ಲಾದರೂ ಜಾಗವಿತ್ತು. ಕಚೇರಿಯ ಸುತ್ತೋಲೆಗಳಿಂದಲೂ ಪತ್ರಿಕಾ ಪ್ರಕಟಣೆಗಳಿಂದಲೂ ನಮ್ಮ ಬರವಣಿಗೆಗೆ ಇಳಿದುಬಂದ ಈ ‘ಲಾಯಿತು’, ‘ಲಾಗಿದೆ’, ‘ಲಾಗಬೇಕು’ಗಳಲ್ಲಿ ಆ ಮೂಲೆಯೂ ಇಲ್ಲ. ‘ಅಂಗಡಿಯನ್ನು ಮುಚ್ಚಲಾಯಿತು’ ಎಂದರೆ ಮುಚ್ಚಿದವರೂ ಕಾಣುವುದಿಲ್ಲ, ಮುಚ್ಚಿದ ಅಂಗಡಿಯ ಮುಂದೆ ನಿಂತವರೂ ಕಾಣುವುದಿಲ್ಲ. ನಿಮ್ಮ ನಾಲ್ಕು ಪುಟಗಳಲ್ಲಿ ಇಂಥ ಕ್ರಿಯಾಪದಗಳು 19 ಇವೆ. ಪ್ರತಿಯೊಂದಕ್ಕೂ ಗೆರೆ ಎಳೆದಿದ್ದೇನೆ. ತಂದೆಯವರ ಬಗೆಗಿನ ಎರಡು ಪುಟಗಳಲ್ಲಿ ಒಂದೂ ಇಲ್ಲ. ಅಲ್ಲಿ ಅಣ್ಣ ಓಡುತ್ತಾನೆ, ಚಾಲಕ ನೀರು ತರುತ್ತಾನೆ, ಅಪ್ಪ ನಿಮ್ಮ ಮಣಿಕಟ್ಟನ್ನು ಹಿಡಿಯುತ್ತಾರೆ. ಗೊತ್ತಿದ್ದುದನ್ನು ಬರೆಯುವಾಗ ನಿಮಗೆ ಕರ್ತೃ ಸಿಕ್ಕಿದ್ದಾನೆ, ನೋಡದೇ ಇದ್ದುದನ್ನು ಬರೆಯುವಾಗ ಕಳೆದುಹೋಗಿದ್ದಾನೆ.

ಅದೇ ಪುಟದ ಎರಡನೆಯ ವಾಕ್ಯ: ‘ಸಾರ್ವಜನಿಕ ಹಿತದೃಷ್ಟಿಯಿಂದ ವ್ಯಾಪಾರ ವಹಿವಾಟುಗಳನ್ನು ಸ್ಥಗಿತಗೊಳಿಸಲಾಗಿತ್ತು ಮತ್ತು ಇದನ್ನು ಸಮಾಜದಲ್ಲಿ ಸಹಿಸಿಕೊಳ್ಳಲಾಯಿತು.’ ಸಹಿಸಿಕೊಳ್ಳುವುದು ಯಾರೋ ಒಬ್ಬರ ಮೈಯಲ್ಲಿ, ಮನೆಯಲ್ಲಿ ನಡೆಯುವ ಕೆಲಸ. ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ ಮೂಟೆ ಹೊರುವ ಹಮಾಲಿ ಸಹಿಸಿಕೊಂಡ. ಊರಿನ ‘ಸೂಪರ್ ಮಾರ್ಕೆಟ್’ ಪೇಟೆಯಲ್ಲಿ ಬಳೆ ಮಾರುವಾಕೆ ಸಹಿಸಿಕೊಂಡಳು. ಮುಂಬಯಿ, ಪುಣೆ, ಬೆಂಗಳೂರುಗಳಿಂದ ಕೆಲಸ ಕಳೆದುಕೊಂಡು ತಾಂಡಾಗಳಿಗೆ ಮರಳಿದವರು ಸಹಿಸಿಕೊಂಡರು. ತಿಂಗಳ ಸಂಬಳ ತಪ್ಪದೆ ಬರುತ್ತಿದ್ದ ನನ್ನಂಥವರು ಸಹಿಸಿಕೊಂಡದ್ದು ಬಹಳ ಕಡಿಮೆ. ಈ ವ್ಯತ್ಯಾಸವನ್ನು ನಿಮ್ಮ ವಾಕ್ಯ ಒರೆಸಿಹಾಕಿದೆ. ನಿರ್ಬಂಧ ಇರಬೇಕೇ ಬೇಡವೇ ಎಂಬ ಚರ್ಚೆಯ ಮುಖ್ಯ ತೂಕವೇ ಆ ವ್ಯತ್ಯಾಸದ ಮೇಲೆ ಕೂತಿದೆ.

ಕರ್ತೃವನ್ನು ಹುಡುಕಿದ್ದರೆ ಇನ್ನೊಂದು ಗೊಂದಲವೂ ತಪ್ಪುತ್ತಿತ್ತು. ‘ನಿರ್ಬಂಧ’ ಎಂಬ ಒಂದೇ ಪದದಲ್ಲಿ ನೀವು ಎರಡು ಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದೀರಿ. 2021ರ ಏಪ್ರಿಲ್ 27ರಿಂದ ಜಾರಿಗೆ ಬಂದ ಕರ್ಫ್ಯೂ ಎಲ್ಲರ ಮೇಲಿನ ನಿರ್ಬಂಧ. ಓಮಿಕ್ರಾನ್ ಬಂದ ಮೇಲೆ, 2021ರ ಡಿಸೆಂಬರಿನಲ್ಲಿ, ಮಾಲ್‌ಗಳಿಗೂ ಚಿತ್ರಮಂದಿರಗಳಿಗೂ ಎರಡು ಡೋಸ್ ಪಡೆದವರಿಗೆ ಮಾತ್ರ ಪ್ರವೇಶವೆಂದು ಸರ್ಕಾರ ಹೇಳಿದ್ದು ಪಡೆಯದವರ ಮೇಲಿನ ನಿರ್ಬಂಧ. ಎರಡನೆಯದರಲ್ಲಿ ಬೇಡವೆಂದವನು ತನ್ನ ಆಯ್ಕೆಯ ಫಲವನ್ನು ತಾನೇ ಉಣ್ಣುತ್ತಾನೆ. ಮೊದಲನೆಯದನ್ನು ಅವನ ಕಾರಣಕ್ಕಾಗಿ ಮುಂದುವರಿಸಿದರೆ, ಎರಡು ಡೋಸ್ ಹಾಕಿಸಿಕೊಂಡ ಬಳೆಗಾರ್ತಿಯೂ ಅಂಗಡಿ ಮುಚ್ಚಿ ಕೂರಬೇಕಾಗುತ್ತದೆ. ಇವುಗಳಲ್ಲಿ ನೀವು ಕೇಳುತ್ತಿರುವುದು ಯಾವುದನ್ನು? ಕೊನೆಯ ಪುಟದವರೆಗೂ ನನಗೆ ತಿಳಿಯಲಿಲ್ಲ.

2022ರ ಮೇ 2ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ನೀಡಿದ ತೀರ್ಪು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲದಿರುವುದು ಆಶ್ಚರ್ಯ. ಸಂವಿಧಾನದ 21ನೆಯ ವಿಧಿಯಡಿ ದೇಹದ ಮೇಲಿನ ಹಕ್ಕು ವ್ಯಕ್ತಿಯದು, ಲಸಿಕೆ ಹಾಕಿಸಿಕೊಳ್ಳಲು ಯಾರನ್ನೂ ಬಲವಂತಪಡಿಸುವಂತಿಲ್ಲ ಎಂದು ಆ ಪೀಠ ಹೇಳಿತು. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಮಿತಿಗಳನ್ನು ಹೇರಬಹುದು, ಆದರೆ ಅವು ಅಪಾಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದೂ ಹೇಳಿತು. ಲಸಿಕೆ ಪಡೆಯದವರಿಂದ ಸೋಂಕು ಹರಡುವ ಅಪಾಯ ಪಡೆದವರಿಂದ ಹರಡುವುದಕ್ಕಿಂತ ಹೆಚ್ಚೆಂದು ತೋರಿಸುವ ದತ್ತಾಂಶ ತನ್ನ ಮುಂದೆ ಬಂದಿಲ್ಲವೆಂದು ಗುರುತಿಸಿ, ಸೋಂಕು ಕಡಿಮೆಯಿರುವ ತನಕ ಅಂಥ ನಿರ್ಬಂಧಗಳನ್ನು ಬಿಡುವುದು ಒಳ್ಳೆಯದೆಂದು ಸೂಚಿಸಿತು. ನೀವು ಅದನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಎದುರಿಗೆ ನಿಂತು ಮಾತನಾಡಬೇಕು.

ನಾಲ್ಕನೆಯ ಪುಟದ ‘ಲಸಿಕೆ ಪಡೆದವನಿಂದ ಯಾರಿಗೂ ಸೋಂಕು ತಗಲುವುದಿಲ್ಲ’ ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ, ಏಕೆಂದರೆ ಅದು ನಿಜವಲ್ಲ. ಕೋವಿಶೀಲ್ಡ್ ಆಗಲಿ ಕೋವ್ಯಾಕ್ಸಿನ್ ಆಗಲಿ ರೋಗ ವಿಷಮಿಸುವುದನ್ನೂ ಸಾವನ್ನೂ ತಡೆದಷ್ಟು ಚೆನ್ನಾಗಿ ಸೋಂಕನ್ನು ತಡೆಯಲಿಲ್ಲ. ಓಮಿಕ್ರಾನ್ ಕಾಲಕ್ಕೆ ಎರಡು ಡೋಸ್ ಪಡೆದವರಿಗೂ ಸೋಂಕು ಬಂತು, ಅವರಿಂದ ಬೇರೆಯವರಿಗೂ ಹರಡಿತು. ದಡಾರದಂಥ ರೋಗದಲ್ಲಿ ಲಸಿಕೆ ಹರಡುವಿಕೆಯನ್ನೇ ಕಟ್ಟಿಹಾಕುತ್ತದೆ. ಅಲ್ಲಿ ಒಬ್ಬರ ನಿರಾಕರಣೆ ಪಕ್ಕದ ಮನೆಯ ಕೂಸಿಗೆ ನೇರವಾಗಿ ಅಪಾಯ ತರುತ್ತದೆ, ನಿಮ್ಮ ವಾದ ಅಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. 2022ರ ಕೋವಿಡ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳದವನು ಎಲ್ಲರಿಗಿಂತ ಹೆಚ್ಚಾಗಿ ತನ್ನ ಜೀವವನ್ನೇ ಅಪಾಯಕ್ಕೆ ಒಡ್ಡಿದ್ದ. ಹಾಸಿಗೆಗಳು ತುಂಬಿ, ಆಮ್ಲಜನಕಕ್ಕೆ ಹಾಹಾಕಾರ ಎದ್ದಿದ್ದ 2021ರ ಮೇ ತಿಂಗಳಲ್ಲಿ ಎಲ್ಲರನ್ನೂ ಮನೆಯಲ್ಲಿರಿಸಿದ್ದು ಸರಿಯೆಂದು ನಾನು ಇಂದಿಗೂ ನಂಬುತ್ತೇನೆ, ಏಕೆಂದರೆ ಆಗ ಅದು ಹಾಸಿಗೆ ಉಳಿಸುವ ಉಪಾಯವಾಗಿತ್ತು. ಹಾಸಿಗೆಗಳು ಖಾಲಿಯಾದ ಮೇಲೂ ಯಾರೋ ಸೂಜಿ ಒಲ್ಲೆನೆಂದರೆಂದು ಊರನ್ನು ಮುಚ್ಚಿಟ್ಟರೆ ಅದನ್ನು ಶಿಕ್ಷೆಯೆಂದೇ ಕರೆಯಬೇಕು. ಶಿಕ್ಷೆ ಬೇಕೆಂಬುದು ನಿಮ್ಮ ವಾದವಾದರೆ ಹಾಗೆಯೇ ಬರೆಯಿರಿ, ‘ಲಾಗಬೇಕಿತ್ತು’ ಎಂಬುದರ ಹಿಂದೆ ಅಡಗಿಸಬೇಡಿ.

ಇನ್ನು ‘ಕೆಲವರು’ ಮತ್ತು ‘ನಿರಾಕರಿಸಿದವರು’. ಈ ಎರಡು ಪದಗಳ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ನಡುಗುತ್ತದೆ, ಏಕೆಂದರೆ ನಾನೂ ಅವುಗಳನ್ನು ಬರೆದು ಪೆಟ್ಟು ತಿಂದವನು.

2000ದ ದಶಕದ ಆರಂಭ. ಕಲಬುರಗಿ ಆಗಿನ್ನೂ ಗುಲಬರ್ಗಾ ಆಗಿತ್ತು, ನಾನು ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿ ಸೇರಿ ವರ್ಷ ತುಂಬಿರಲಿಲ್ಲ. ಪಲ್ಸ್ ಪೋಲಿಯೊ ಸುತ್ತು ಮುಗಿದಿತ್ತು. ಆಗ ಮನೆಮನೆಗೆ ಹೋಗುವ ತಂಡದವರು ಎಲ್ಲ ಮಕ್ಕಳಿಗೂ ಹನಿ ಹಾಕಿದ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ‘ಪಿ’ ಎಂದೂ, ಮಗು ಬಿಟ್ಟುಹೋದ ಮನೆಗೆ ‘ಎಕ್ಸ್’ ಎಂದೂ ಗುರುತು ಹಾಕುತ್ತಿದ್ದರು. ಒಂದು ತಾಂಡಾದಲ್ಲಿ 12 ಎಕ್ಸ್ ಮನೆಗಳಿದ್ದವು. ಕಚೇರಿಯಿಂದ ಬಂದ ಟಿಪ್ಪಣಿಯನ್ನು ನೋಡಿ ನಾನು ‘12 ಮನೆಗಳಲ್ಲಿ ಪೋಲಿಯೊ ಲಸಿಕೆಯನ್ನು ನಿರಾಕರಿಸಲಾಯಿತು’ ಎಂದು ಬರೆದು, ಅಜ್ಞಾನದ ಬಗ್ಗೆ ಒಂದು ಖಾರವಾದ ವಾಕ್ಯವನ್ನೂ ಸೇರಿಸಿದೆ. ನಮ್ಮ ಹಿರಿಯ ಸಂಪಾದಕರು ಹಾಳೆಯನ್ನು ಓದಿ, ‘ಯಾರು ನಿರಾಕರಿಸಿದರು? ಏನೆಂದು ನಿರಾಕರಿಸಿದರು? ನೀನು ಕೇಳಿದೆಯಾ?’ ಎಂದರು. ಕೇಳಿರಲಿಲ್ಲ. ‘ಹಾಗಾದರೆ ನಾಳೆ ಮೊದಲ ಬಸ್ಸಿಗೆ ಹೋಗಿ ಕೇಳಿಕೊಂಡು ಬಾ’ ಎಂದು ಹಾಳೆಯನ್ನು ಮೇಜಿನ ಆ ಕಡೆಯಿಂದ ಈ ಕಡೆಗೆ ತಳ್ಳಿದರು. ನಾಲ್ಕು ಜನರ ಎದುರಿಗೆ ಹಾಗೆ ಹೇಳಿದ್ದರಿಂದ ಇಡೀ ರಾತ್ರಿ ಕುದಿದೆ.

ಹೋದೆ. ಏಳು ಮನೆಗಳಿಗೆ ಬೀಗ ಬಿದ್ದಿತ್ತು. ಕೂಸುಕುನ್ನಿ ಸಮೇತ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗಿದ್ದರು. ಎರಡು ಮನೆಗಳ ತಾಯಂದಿರು ತಂಡ ಬಂದಾಗ ಹೊಲದಲ್ಲಿದ್ದರು. ಒಂದು ಮಗು ಜ್ವರದಿಂದ ಮಲಗಿತ್ತು. ಅದರ ತಾಯಿ, ‘ಒಲ್ಲೆ ಅಂದಿಲ್ರಿ, ನಾಳಿ ಬರ್ರಿ ಅಂದೀನಿ’ ಎಂದಳು. ನಿಜವಾಗಿ ಬೇಡವೆಂದವರು ಎರಡೇ ಮನೆಯವರು. ಅದರಲ್ಲಿ ಒಬ್ಬ ಅಜ್ಜಿ ಹಿಂದಿನ ಸುತ್ತಿನ ಹನಿ ಹಾಕಿದ ಮಾರನೆಯ ದಿನವೇ ಮೊಮ್ಮಗಳಿಗೆ ವಾಂತಿಭೇದಿ ಹತ್ತಿತ್ತೆಂದು ನೆನಪಿಟ್ಟುಕೊಂಡಿದ್ದಳು, ಅದನ್ನು ಯಾರೂ ಕೂತು ಕೇಳಿರಲಿಲ್ಲ. ಆ ಮಧ್ಯಾಹ್ನ ಬಂದ ದಾದಿ ಅವಳ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಎದ್ದು ಹೋಗುವ ಮೊದಲು ಆ ಮಗುವಿನ ಬಾಯಿಗೆ ಎರಡು ಹನಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಇನ್ನೊಂದು ಮನೆಯ ಯಜಮಾನ ಕೊನೆಯವರೆಗೂ ಒಪ್ಪಲಿಲ್ಲ. ಹನ್ನೆರಡರಲ್ಲಿ ನಾನು ‘ನಿರಾಕರಿಸಿದ’ ಎಂದು ಬರೆಯಬಹುದಾಗಿದ್ದದ್ದು ಅವನೊಬ್ಬನನ್ನೇ. ಬಸ್ಸಿನಲ್ಲಿ ಮರಳುವಾಗ ನಾನು ಬರೆದಿದ್ದ ಆ ಖಾರದ ವಾಕ್ಯ ನೆನಪಾಗಿ, ಅದು ಅಚ್ಚಾಗಿದ್ದರೆ ಆ ತಾಯಿಗೆ ಏನೆಂದು ಉತ್ತರ ಕೊಡುತ್ತಿದ್ದೆ ಎಂದು ಹೆದರಿಕೆಯಾಯಿತು.

ಕೋವಿಡ್ ಕಾಲದಲ್ಲಿಯೂ ನಮ್ಮ ಈ ಜಿಲ್ಲೆಗಳು ಲಸಿಕೆಯಲ್ಲಿ ಹಿಂದೆ ಬಿದ್ದಾಗ ‘ಕೆಲವರು’ ಎಂಬ ಪದ ಎಲ್ಲೆಡೆ ಓಡಾಡಿತು. ಅದರೊಳಗೆ ಯಾರೆಲ್ಲ ಇದ್ದರು? ಮೊಬೈಲಿನಲ್ಲಿ ಲಸಿಕೆ ನೋಂದಣಿಯ ಕೋವಿನ್ ತಾಣ ತೆರೆದು ಸ್ಲಾಟ್ ಹಿಡಿಯಲು ಬಾರದವರು. ಕೇಂದ್ರಕ್ಕೆ ಹೋಗಿ ದಾಸ್ತಾನು ಮುಗಿದಿದೆ ಎಂಬ ಮಾತು ಕೇಳಿ ಮರಳಿದವರು. ಕೋವಿಶೀಲ್ಡಿನ ಎರಡನೆಯ ಡೋಸಿನ ಅಂತರ 2021ರ ಮೇ ತಿಂಗಳಲ್ಲಿ 12ರಿಂದ 16 ವಾರಕ್ಕೆ ಏರಿದಾಗ ಮೊದಲ ಡೋಸ್ ಪಡೆದು ನಡುವೆ ನಿಂತವರು. ಸೂಜಿಯ ಜ್ವರದಲ್ಲಿ ಎರಡು ದಿನದ ಕೂಲಿ ಹೋದೀತೆಂದು ತೊಗರಿ ರಾಶಿ ಮುಗಿಯುವ ತನಕ ಮುಂದೂಡಿದವರು. ಬೇಡವೆಂದು ಗಟ್ಟಿಯಾಗಿ ಹೇಳಿದವರೂ ಇದ್ದರು, ಅವರ ವಾದವನ್ನು ನಾನು ಒಪ್ಪುವುದಿಲ್ಲ. ನಾನೇ ಮೂರು ಡೋಸ್ ಹಾಕಿಸಿಕೊಂಡವನು. ಇವರೆಲ್ಲರನ್ನೂ ಒಂದೇ ಪದದಲ್ಲಿ ತುಂಬಿ, ಐದನೆಯ ಪುಟದಲ್ಲಿ ‘ಸಮಾಜದ್ರೋಹಿಗಳು’ ಎಂದು ಹಣೆಪಟ್ಟಿ ಕಟ್ಟಿದ್ದೀರಿ.

ಈಗ ನಿಮಗೆ ನೋವಾಗಬಹುದಾದ ಮಾತು, ಆದರೆ ಹೇಳದಿದ್ದರೆ ಈ ಪತ್ರ ಅಪ್ರಾಮಾಣಿಕವಾಗುತ್ತದೆ. ನಿಮ್ಮ ಮೊದಲ ಪುಟದ ಕೆಳಗೆ ಒಂದು ವಾಕ್ಯವಿದೆ: ‘ಏಪ್ರಿಲಿನಲ್ಲಿ ನಲವತ್ತೈದು ದಾಟಿದವರಿಗೆ ಲಸಿಕೆ ಶುರುವಾದಾಗ ಅಪ್ಪ, ಯುಗಾದಿ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರು.’ ಆ ವರ್ಷ ಯುಗಾದಿ ಏಪ್ರಿಲ್ 13ಕ್ಕೆ ಬಂತು. ಆಶಾ ಕಾರ್ಯಕರ್ತೆಯ ವಹಿಯಲ್ಲಿ ಆ ವಾರ ನಿಮ್ಮ ತಂದೆಯವರ ಹೆಸರು ಯಾವ ಪಟ್ಟಿಯಲ್ಲಿ ಇದ್ದಿರಬೇಕು? ನಿಮ್ಮ ಐದನೆಯ ಪುಟದ ವಿಂಗಡಣೆಯನ್ನು ಒಪ್ಪಿದರೆ ಅವರೂ ‘ಕೆಲವರು’ ಆಗುತ್ತಾರೆ. ಅವರು ಹಾಗಿರಲಿಲ್ಲವೆಂದು ನಿಮಗೆ ಗೊತ್ತು, ಎರಡು ಪುಟ ಓದಿದ ನನಗೂ ಗೊತ್ತು. ‘ಆಮೇಲೆ ನೋಡೋಣ’ ಎಂದು ಅವರು ಹೇಳಿದ್ದನ್ನು ನೀವು ಇಷ್ಟು ಪ್ರೀತಿಯಿಂದ ಬರೆದಿರುವಾಗ, ಅದೇ ಮಾತನ್ನು ಹೇಳಿದ ಬೇರೆಯವರಿಗೆ ನಿಮ್ಮ ಲೇಖನದಲ್ಲಿ ಜಾಗವಿಲ್ಲದಿರುವುದನ್ನು ನಾನು ಸುಮ್ಮನೆ ದಾಟಿ ಹೋಗಲಾರೆ.

ಭಾರತದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರೊಬ್ಬರು. ಎರಡು ದಿನದ ಮೇಲೆ ಅದು ಖಚಿತವಾದಾಗ, ಕಲಬುರಗಿಯವರು ಎಂದರೆ ಸಾಕು, ಬೇರೆ ಊರಿನ ಜನ ಹಿಂದೆ ಸರಿದು ನಿಲ್ಲುತ್ತಿದ್ದರು. ಆಗ ನಾವೆಲ್ಲರೂ ಬೇರೆಯವರ ಬಾಯಲ್ಲಿ ‘ಕೆಲವರು’ ಆಗಿದ್ದೆವು. ಆ ಅನುಭವವಿರುವ ನೆಲದಿಂದ ಬರುವ ಲೇಖನದಲ್ಲಿ ಆ ಪದವನ್ನು ಅಷ್ಟು ಸಲೀಸಾಗಿ ಬಳಸಿರುವುದು ನನ್ನನ್ನು ಹೆಚ್ಚು ಕಾಡಿತು.

ಮೂಲ ಪ್ರತಿಯನ್ನು ಅಂಚೆಯಲ್ಲಿ ಮರಳಿಸುತ್ತಿದ್ದೇನೆ. ಗೆರೆ ಎಳೆದ 19 ಕ್ರಿಯಾಪದಗಳಿಗೂ ಕರ್ತೃವನ್ನು ಹುಡುಕಿ ಬರೆಯಿರಿ; ಸಿಗದಿದ್ದರೆ ವಾಕ್ಯವನ್ನೇ ಬಿಡಿ. ಯಾದಗಿರಿಯಲ್ಲಿಯೇ ಆಗ ಮನೆಮನೆಗೆ ತಿರುಗಿದ ಒಬ್ಬ ಆಶಾ ಕಾರ್ಯಕರ್ತೆಯನ್ನೂ, ಕೊನೆಯವರೆಗೂ ಹಾಕಿಸಿಕೊಳ್ಳದ ಒಬ್ಬರನ್ನೂ ಭೇಟಿಯಾಗಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಅದಾದ ಮೇಲೂ ನಿರ್ಬಂಧಗಳು ಇರಬೇಕಿತ್ತೆಂದು ನಿಮಗೆ ಅನಿಸಿದರೆ, ‘ಇರಬೇಕಿತ್ತು ಎಂದು ನಾನು ಹೇಳುತ್ತೇನೆ’ ಎಂದು ನಿಮ್ಮ ಹೆಸರಿನ ಮೇಲೆ ಬರೆದು ಕಳುಹಿಸಿ, ಅಚ್ಚು ಹಾಕುತ್ತೇನೆ. ಮೊದಲ ಎರಡು ಪುಟಗಳನ್ನು ಮಾತ್ರ ಮತ್ತೆ ತಿದ್ದಲು ಹೋಗಬೇಡಿ.

ಇತಿ,
ಸಂಪಾದಕ
ಕಲಬುರಗಿ