ಸಂಪಾದಕರ ಉತ್ತರ: ಮೂರು ವಾರದ ಮಮತೆ

ಮಂಗಳೂರಿನ ಮಾನ್ಯ ಓದುಗರಿಗೆ ನಮಸ್ಕಾರ.

ನಿವೃತ್ತ ಶಿಕ್ಷಕಿಯಾದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ತಮ್ಮ ಮಗ ಅಲ್ಲಿನ ಕ್ರೈಸ್ತ ಸಭೆಯವರೊಡನೆ ಬರುವ ಬೇಸಿಗೆಯಲ್ಲಿ ರೊಮೇನಿಯಾದ ಒಂದು ಮಕ್ಕಳ ಆಶ್ರಮಕ್ಕೆ ಮೂರು ವಾರಗಳ ಸೇವೆಗೆ ಹೊರಟಿದ್ದಾನೆಂದೂ, ಇಂಥ ಅಲ್ಪಾವಧಿಯ ಸೇವೆಯಿಂದ ಮಕ್ಕಳಿಗೆ ಕೆಡುಕೂ ಆಗಬಹುದೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ತಮಗೆ ನೋವು ತಂದಿತೆಂದೂ ತಿಳಿಸಿದ್ದೀರಿ. ‘ಹೆತ್ತವರು ಬಿಟ್ಟುಹೋದ ಕೂಸನ್ನು ಎತ್ತಿ ಮುದ್ದಾಡುವುದರಲ್ಲಿ ತಪ್ಪೇನು?’ ಎಂದು ಕೇಳಿದ್ದೀರಿ. ಆ ಲೇಖನದಲ್ಲಿ ನಾವು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟು ಮುಂದೆ ಹೋದದ್ದು ಸರಿಯಾಗಲಿಲ್ಲ. ಆದ್ದರಿಂದ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಆ ದೇಶದ ಆಶ್ರಮಗಳು ತುಂಬಿದ್ದು ಹೇಗೆಂಬುದನ್ನು ಮೊದಲು ನೋಡಬೇಕು. 1966ರ ಅಕ್ಟೋಬರಿನಲ್ಲಿ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರವು 770ನೆಯ ಆಜ್ಞೆಯ ಮೂಲಕ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಗರ್ಭನಿರೋಧಕಗಳು ಸಿಗುವುದೇ ದುಸ್ತರವಾಯಿತು. ಮಕ್ಕಳಿಲ್ಲದವರ ಮೇಲೆ ತೆರಿಗೆಯೂ ಬಿತ್ತು. ಮರುವರ್ಷ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹೆತ್ತು ಸಾಕಲಾರದ ಬಡವರಿಗೆ ಸರ್ಕಾರದ ಆಶ್ರಮಗಳು ಬಾಗಿಲು ತೆರೆದಿದ್ದವು. ಮೂರು ವರ್ಷದವರೆಗಿನ ಮಕ್ಕಳನ್ನಿಡುವ ಮನೆಗಳಿಗೆ ಆ ಭಾಷೆಯಲ್ಲಿ ‘ತೊಟ್ಟಿಲು’ ಎಂಬ ಅರ್ಥದ ಹೆಸರಿತ್ತು. ಮೂರು ತುಂಬಿದ ಮೇಲೆ ಮಕ್ಕಳನ್ನು ವಿಂಗಡಿಸಿ, ಅಂಗವೈಕಲ್ಯವುಳ್ಳವರಿಗೆ ‘ಸರಿಪಡಿಸಲಾಗದವರು’ ಎಂಬ ಹಣೆಪಟ್ಟಿ ಹಚ್ಚಿ ದೂರದ ಕಟ್ಟಡಗಳಿಗೆ ಸಾಗಿಸುತ್ತಿದ್ದರು. 1989ರ ಕ್ರಿಸ್ಮಸ್ ದಿನ ಚೌಷೆಸ್ಕು ದಂಪತಿಯನ್ನು ಗುಂಡಿಕ್ಕಿ ಕೊಂದಾಗ ಇಂಥ ಆಶ್ರಮಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರೆಂದು ಅಂದಾಜು. ಇವರಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಅನಾಥರೆಂಬ ಮಾತು ಅವರಿಗೆ ಒಪ್ಪುತ್ತಿರಲಿಲ್ಲ.

ದೂರದರ್ಶನದಲ್ಲಿ ಆ ಮಕ್ಕಳ ಚಿತ್ರಗಳನ್ನು ಕಂಡು 1990ರಲ್ಲಿ ಬ್ರಿಟನ್, ಅಮೆರಿಕ, ಜರ್ಮನಿಗಳಿಂದ ಕ್ರೈಸ್ತ ಮಿಷನ್‌ಗಳು ಲಾರಿಗಟ್ಟಲೆ ಹಾಲಿನಪುಡಿ, ಕಂಬಳಿ, ಔಷಧ ಹೊತ್ತು ಧಾವಿಸಿದವು. ಕೋಲ್ಕತ್ತದಿಂದ ಮದರ್ ತೆರೆಸಾ ಕೂಡ ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ಗೆ ಹೋಗಿ ತಮ್ಮ ಸೋದರಿಯರ ಮನೆಯೊಂದನ್ನು ತೆರೆದರು. ಶುದ್ಧೀಕರಿಸದ ಸೂಜಿಗಳಿಂದಲೂ ಪರೀಕ್ಷಿಸದ ರಕ್ತದಿಂದಲೂ ಎಚ್‌ಐವಿ ತಗುಲಿದ ಸಾವಿರಾರು ಮಕ್ಕಳನ್ನು ಮುಟ್ಟಲು ಜನ ಹೆದರುತ್ತಿದ್ದಾಗ ಅವರನ್ನು ತೊಳೆದು ಉಣಿಸಿದವರಲ್ಲಿ ಮಿಷನ್ನಿನವರೂ ಇದ್ದರು. (ಇದೆಲ್ಲ ಮತಾಂತರದ ಹೂಟವೆಂದು ಇನ್ನಿಬ್ಬರು ಓದುಗರು ಬರೆದಿದ್ದಾರೆ. ರೊಮೇನಿಯಾ ಶತಮಾನಗಳಿಂದಲೂ ಆರ್ಥೊಡಾಕ್ಸ್ ಕ್ರೈಸ್ತರ ನಾಡು ಎಂಬುದನ್ನು ಅವರು ಗಮನಿಸಬೇಕು.) ಅಂದಿನ ಆ ಕೆಲಸವನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ.

ಆದರೆ ಆ ಕೋಣೆಗಳಿಗೆ ಕಾಲಿಟ್ಟವರನ್ನು ಬೆಚ್ಚಿಬೀಳಿಸಿದ ಒಂದು ಸಂಗತಿಯೆಂದರೆ ಅಲ್ಲಿನ ನಿಶ್ಶಬ್ದ. ಸಾಲುಸಾಲಾಗಿ ಕಬ್ಬಿಣದ ತೊಟ್ಟಿಲುಗಳು, ತುಂಬ ಕೂಸುಗಳು, ಅಳು ಮಾತ್ರ ಇಲ್ಲ. ಅತ್ತರೆ ಯಾರೂ ಬರುವುದಿಲ್ಲವೆಂಬುದು ಕೂಸಿಗೆ ಕೆಲವೇ ತಿಂಗಳಲ್ಲಿ ಗೊತ್ತಾಗಿಬಿಟ್ಟಿರುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ಇದಕ್ಕೆ ವಿರುದ್ಧವಾಗಿ, ಬಾಗಿಲಲ್ಲಿ ಅಪರಿಚಿತರು ಕಂಡೊಡನೆ ಓಡಿಬಂದು ಕಾಲು ತಬ್ಬಿ, ಎತ್ತಿಕೊಳ್ಳೆಂದು ಕೈ ಚಾಚುತ್ತಿದ್ದರು. ಬಂದವರು ಅದನ್ನು ಪ್ರೀತಿಯೆಂದೇ ತಿಳಿದು ಕಣ್ಣೀರು ತುಂಬಿಕೊಂಡರು. ತಮ್ಮ ಮೊಮ್ಮಗು ಹೊಸಬರನ್ನು ಕಂಡಾಗ ಏನು ಮಾಡುತ್ತದೆ ನೆನಪಿಸಿಕೊಳ್ಳಿ: ಅಮ್ಮನ ಸೆರಗಿನ ಹಿಂದೆ ಅಡಗಿ ಇಣುಕುತ್ತದೆ. ತನ್ನವರು ಯಾರೆಂದು ಬಲ್ಲ ಮಗು ಮಾತ್ರ ಪರರಿಗೆ ಹಾಗೆ ಹಿಂಜರಿಯುತ್ತದೆ. ಎಲ್ಲರ ತೋಳಿಗೂ ಸಮನಾಗಿ ಬರುವ ಮಗುವಿಗೆ ತನ್ನವರೆಂಬವರೇ ಇಲ್ಲ. ಮೂರು ವಾರಕ್ಕೊಮ್ಮೆ ಬದಲಾಗುವ ತೋಳುಗಳು, ಅವು ಎಷ್ಟೇ ಮಮತೆಯವಾದರೂ, ಅದೇ ಪಾಠವನ್ನು ಮತ್ತೆ ಕಲಿಸಿಹೋಗುತ್ತವೆ. ತಮ್ಮ ಪ್ರಶ್ನೆಗೆ ನಮ್ಮ ಉತ್ತರ ಇದೇ.

ಇದು ಬರಿಯ ಊಹೆಯೂ ಅಲ್ಲ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಬುಕಾರೆಸ್ಟಿನ ಆಶ್ರಮಗಳ 136 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕುಕುಟುಂಬಗಳಿಗೆ ಒಪ್ಪಿಸಿದರು. ಕುಟುಂಬಕ್ಕೆ ಹೋದ ಮಕ್ಕಳು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಚೇತರಿಸಿಕೊಂಡರು. ಸುಮಾರು ಎರಡು ವರ್ಷ ತುಂಬುವುದರೊಳಗೆ ಹೋದವರ ಚೇತರಿಕೆ ಇನ್ನೂ ಹೆಚ್ಚಿನದಾಗಿತ್ತು. 2004ರಲ್ಲಿ ಆ ದೇಶದ ಕಾನೂನೇ ಎರಡು ವರ್ಷದೊಳಗಿನ ಮಕ್ಕಳನ್ನು ಸಾಮಾನ್ಯವಾಗಿ ಆಶ್ರಮಕ್ಕೆ ಸೇರಿಸಬಾರದೆಂದಿತು.

ಮಿಷನ್‌ಗಳ ಮೇಲೆ ನಮ್ಮ ಆಕ್ಷೇಪ ಒಂದೇ. ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ವಿಚಾರಿಸಿಕೊಳ್ಳಬೇಕೆಂಬ, ಬೈಬಲಿನ ಯಾಕೋಬನ ಪತ್ರಿಕೆಯ ಮಾತನ್ನು ತಾವೇ ಉದಾಹರಿಸಿದ್ದೀರಿ. ಅಲ್ಲಿ ಮಗುವಿನ ಪಕ್ಕದಲ್ಲೇ ಹೆಂಗಸೂ ಇದ್ದಾಳೆ. ಕಾಣಿಕೆಯ ಹಣ ಮಾತ್ರ ಬಹುಕಾಲ ಮಗುವನ್ನು ಎತ್ತಿಕೊಂಡು ತಾಯಿಯನ್ನು ಅಲ್ಲೇ ಬಿಟ್ಟಿತು. ಹಾಸಿಗೆ ಹೆಚ್ಚಿದಷ್ಟೂ ಅವನ್ನು ತುಂಬಲು ಮಕ್ಕಳು ಬಂದರು, ಏಕೆಂದರೆ ಊಟವೂ ಶಾಲೆಯೂ ಅಲ್ಲಿದ್ದವು, ಮನೆಯಲ್ಲಿರಲಿಲ್ಲ. ಇದನ್ನು ಕಂಡುಕೊಂಡ ಎಷ್ಟೋ ಮಿಷನ್ನಿನವರು ತಾವೇ ಕಟ್ಟಿದ ಆಶ್ರಮಗಳನ್ನು ಮುಚ್ಚಿ, ಸೌದೆಗೆ, ಬಾಡಿಗೆಗೆ, ತಾಯಿಯ ಕೆಲಸಕ್ಕೆ ನೆರವಾಗುವ ಕಡೆ ತಿರುಗಿದರು. ಫಲಕದ ಮೇಲೆ ದಾನಿಗಳ ಹೆಸರು ಕೆತ್ತಿಸಲಾಗದ ಕೆಲಸವಿದು. ಹಣ ಕೂಡಿಸುವುದೂ ಕಷ್ಟ.

ತಮ್ಮ ಮಗ ಹೋಗಬಾರದೆಂದು ನಾವು ಹೇಳುತ್ತಿಲ್ಲ. ಹೊರಡುವ ಮುನ್ನ ಆ ಆಶ್ರಮಕ್ಕೆ ಒಂದು ಪತ್ರ ಬರೆದು ಕೇಳಲಿ: ಎಷ್ಟು ಮಕ್ಕಳಿಗೆ ತಂದೆತಾಯಿ ಇದ್ದಾರೆ, ಕಳೆದ ವರ್ಷ ಎಷ್ಟು ಮಂದಿ ಮನೆಗೆ ಮರಳಿದರು, ಒಬ್ಬ ಆಯಾ ಒಂದೇ ಮಕ್ಕಳೊಂದಿಗೆ ಎಷ್ಟು ವರ್ಷದಿಂದ ಇದ್ದಾಳೆ. ಅವನು ಮರಗೆಲಸ ಬಲ್ಲನೆಂದು ಬರೆದಿದ್ದೀರಿ. ಮನೆಗೆ ಮರಳುವ ಮಗುವೊಂದಕ್ಕೆ ಮಂಚ ಮಾಡಿಕೊಡುವುದು, ಸೋರುವ ಸೂರನ್ನು ಚಳಿಗಾಲಕ್ಕೆ ಮುಂಚೆ ರಿಪೇರಿ ಮಾಡುವುದು ಮೂರು ವಾರದಲ್ಲಿ ಮುಗಿಯುವ ಕೆಲಸಗಳೇ. ಆಶ್ರಮದವರ ಉತ್ತರ ಬಂದರೆ ದಯವಿಟ್ಟು ನಮಗೂ ಕಳಿಸಿ. ಅವರ ಒಪ್ಪಿಗೆಯಿದ್ದರೆ ಪ್ರಕಟಿಸುತ್ತೇವೆ.

– ಸಂಪಾದಕ