ಒಂದೇ ಸೂರು, ಎರಡು ಒಲೆ

ಆತ್ಮೀಯರೇ, ನಮಸ್ಕಾರ.

ಕಾಸರಗೋಡಿನ ಕೊರಗ ಸಮುದಾಯದಲ್ಲಿ ಪ್ರಾಯಕ್ಕೆ ಬಂದ ಮಕ್ಕಳು ಮದುವೆಯಾದ ಮೇಲೆ ಎಲ್ಲಿ, ಯಾರೊಂದಿಗೆ ಬಾಳುತ್ತಾರೆ ಎಂಬುದನ್ನು ಕುರಿತು ನೀವು ಕಳುಹಿಸಿದ ಹದಿನೆಂಟು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಏಳನೆಯ ಪುಟದಲ್ಲಿ ನೀವು ಬರೆದು ದಾಟಿಹೋದ ನಾಲ್ಕು ಸಾಲುಗಳನ್ನು ಓದಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ.

ಬದಿಯಡ್ಕದ ಕಡೆಯ ಆ ಮನೆಯಲ್ಲಿ ತಾಯಿ ರೇಷನ್ ಅಕ್ಕಿಯ ಚೀಲ ಬಿಚ್ಚಿ, ತೆಂಗಿನ ಗೆರಟೆಯಲ್ಲಿ ಅಳೆದು ಎರಡು ಪಾತ್ರೆಗಳಿಗೆ ಸುರಿಯುತ್ತಾರೆ. ಒಂದು ಪಾತ್ರೆ ತನಗೆ, ಕಿರಿಯ ಮಗನಿಗೆ ಮತ್ತು ಗಂಡ ತೀರಿಕೊಂಡ ಮೇಲೆ ಮರಳಿ ಬಂದ ಮಗಳಿಗೆ. ಇನ್ನೊಂದು, ಹಿಂಬದಿಯ ಗೋಡೆಗೆ ಟರ್ಪಾಲು ಇಳಿಸಿಕೊಂಡು ಬೇರೆ ಅಡುಗೆ ಮಾಡುವ ಹಿರಿಯ ಮಗ ಮತ್ತು ಸೊಸೆಗೆ. ಆಟಿ ತಿಂಗಳ ಮಳೆಗೆ ಹೊರಗಿನ ಒಲೆ ನೆನೆದಾಗ ಸೊಸೆ ತನ್ನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಬರುತ್ತಾರೆ, ಮಳೆ ಬಿಟ್ಟ ಮೇಲೆ ಮತ್ತೆ ಹೊರಗೆ ಹೋಗುತ್ತಾರೆ. ಇಷ್ಟನ್ನು ಕಣ್ಣಾರೆ ಕಂಡ ನೀವು ಮರುಪುಟದಲ್ಲೇ ಆ ಮನೆಯನ್ನು ‘ಅವಿಭಕ್ತ ಕುಟುಂಬ’ ಎಂದು ಕೋಷ್ಟಕಕ್ಕೆ ಸೇರಿಸಿಬಿಟ್ಟಿದ್ದೀರಿ.

ಜನಗಣತಿಯವರು ಕೂಡ ಸೂರನ್ನು ನೋಡಿ ಕುಟುಂಬವನ್ನು ಎಣಿಸುವುದಿಲ್ಲ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಿಂದ ಉಣ್ಣುವವರನ್ನು ಅವರು ಒಂದು ಕುಟುಂಬವೆಂದು ಹಿಡಿಯುತ್ತಾರೆ. ಆದ್ದರಿಂದ ಒಂದು ಮನೆಯೊಳಗೆ ಎರಡು ಕುಟುಂಬಗಳಿರಬಹುದು. 2011ರ ಜನರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ನೀವು ಕಂಡ ಮನೆಯನ್ನು ಅಂಥ ಬಿಸಿಲಿನ ದಿನಗಳಲ್ಲಿ ಎಣಿಸಿದರೆ ಎರಡು ಕುಟುಂಬಗಳಾಗುತ್ತವೆ, ಆಟಿಯಲ್ಲಿ ಎಣಿಸಿದರೆ ಒಂದೇ. ನಿಮ್ಮ ಲೇಖನ ಇಲ್ಲಿಂದ ಹೊರಡಬೇಕಿತ್ತು.

ಕಾಯಿದೆಯೇ ಈ ಮನೆಗಳನ್ನು ಒಡೆಯಿತು ಎಂಬ ಮೂರನೆಯ ಭಾಗದ ವಾದವನ್ನು ನಾನು ಒಪ್ಪುವುದಿಲ್ಲ. ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ ಕೇರಳದ 1975ರ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ನಿಜ. ಆದರೆ ಅದು ಕೈಹಾಕಿದ್ದು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುತ್ತಿದ್ದ ಹಕ್ಕಿಗೆ. ಕಾಡುಬಳ್ಳಿಯಿಂದ ಹೆಡಿಗೆ ಹೆಣೆದು ಮಾರಿ ಬದುಕಿದ, ಪಾಲು ಮಾಡಿಕೊಳ್ಳಲು ಭೂಮಿಯೇ ಇಲ್ಲದಿದ್ದ ಮನೆಗಳಲ್ಲಿ ಆ ಕಾಯಿದೆ ಏನನ್ನು ಒಡೆದೀತು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ, ಕೇಂದ್ರ ಸರಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು, ಕೊರಗರಂಥ ಪರಿಶಿಷ್ಟ ವರ್ಗದವರಿಗೆ ಅನ್ವಯಿಸುವುದಿಲ್ಲ. ಅಡಿಕೆ ತೋಟದ ಮನೆಗಳಲ್ಲಿ ಪಾಲಾಗುವುದೆಂದರೆ ದೊಡ್ಡ ಸಂಕಟ. ನಾನು ಅಂಥ ಮನೆಯಲ್ಲೇ ಬೆಳೆದವನು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಸೇರಿ ಹಂಡೆ, ಉರುಳಿಗಳನ್ನು ಹಂಚಿಕೊಂಡ ದಿನ ಅಜ್ಜಿ ಊಟ ಬಿಟ್ಟು ಕುಳಿತದ್ದು ಈಗಲೂ ಕಣ್ಣ ಮುಂದಿದೆ. ಆ ಸಂಕಟವನ್ನೇ ನೀವು ಕೊರಗರ ಮನೆಗೂ ಹೊತ್ತುಕೊಂಡು ಹೋಗಿ, ‘ಒಡೆದ ಬಾಂಧವ್ಯ’ ಎಂದು ಮರುಗಿದ್ದೀರಿ. ಬೇರೆ ಒಲೆ ಆ ಸೊಸೆಗೆ ದುಃಖವೋ ನೆಮ್ಮದಿಯೋ ಎಂದು ಒಮ್ಮೆಯೂ ಕೇಳಿಲ್ಲ.

ಯಜಮಾನಿಕೆ ಗಂಡಸಿನದೆಂದು ಬರೆದಿದ್ದೀರಿ, ಆದರೆ ನೀವೇ ಕಳುಹಿಸಿದ ಫೋಟೋದಲ್ಲಿರುವ ರೇಷನ್ ಕಾರ್ಡ್ ತಾಯಿಯ ಹೆಸರಿನಲ್ಲಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ, 18 ತುಂಬಿದ ಹೆಂಗಸರಲ್ಲಿ ಹಿರಿಯರೇ ಕಾರ್ಡಿನ ಮಟ್ಟಿಗೆ ಮನೆಯ ಯಜಮಾನಿ. ಅಂತ್ಯೋದಯದ ಹಳದಿ ಕಾರ್ಡಿಗೆ ಮನೆಯಲ್ಲಿ ಎಷ್ಟೇ ಜನರಿದ್ದರೂ ತಿಂಗಳಿಗೆ 35 ಕಿಲೋ ಧಾನ್ಯವೇ ನಿಗದಿ. ಹಾಗಿರುವಾಗ ಬೇರೆ ಒಲೆ ಹೂಡಿದ ಮಗ ಬೇರೆ ಕಾರ್ಡನ್ನು ಯಾಕೆ ಮಾಡಿಸಲಿಲ್ಲ? ತಾಯಿ ಒಪ್ಪಲಿಲ್ಲವೇ, ಮನೆ ನಂಬರ್ ಇಲ್ಲದೆ ಅರ್ಜಿ ನಿಂತಿತೇ, ಅಥವಾ ಗೆರಟೆ ತಾಯಿಯ ಕೈಯಲ್ಲೇ ಇರಲಿ ಎಂಬುದು ಅವನ ಇಷ್ಟವೇ? ‘ಪ್ರೀತಿಯ ಬಂಧನ’ ಎಂದು ನೀವು ಊಹಿಸಿದ್ದೀರಿ. ಇದ್ದರೂ ಇರಬಹುದು, ಆದರೆ ಆ ಮಾತು ಅವರ ಬಾಯಿಂದ ಬರಬೇಕು.

ಉಳಿದವು ಸಣ್ಣ ತಿದ್ದುಪಡಿಗಳು. ಕೊರಗರಂಥ ವಿಶೇಷ ದುರ್ಬಲ ಬುಡಕಟ್ಟುಗಳಿಗಾಗಿ 2023ರ ನವೆಂಬರ್ 15ರಂದು ಆರಂಭವಾದ ಪಿಎಂ ಜನ್‌ಮನ್ ಯೋಜನೆಗೆ ನಾಲ್ಕು ಪುಟ ಬೇಡ, ಒಂದು ಪ್ಯಾರಾ ಸಾಕು. ಅವರ ವಸತಿಗಳನ್ನು ಕರೆಯುವ ‘ಕಾಲೊನಿ’ ಎಂಬ ಪದವನ್ನು ತೆಗೆಯಿರಿ. ಅದರ ಬದಲು ನಗರ, ಉನ್ನತಿ, ಪ್ರಕೃತಿ ಮೊದಲಾದ ಹೆಸರುಗಳನ್ನು ಬಳಸುವಂತೆ ಕೇರಳ ಸರಕಾರ 2024ರ ಜೂನ್‌ನಲ್ಲೇ ಆದೇಶಿಸಿದೆ. ‘ಮುಗ್ಧ ಜನ’ ಎಂಬ ಮಾತೂ ಬೇಡ. ಮರಳಿ ಬಂದ ಮಗಳ ಹೆಸರನ್ನೂ ಆಕೆಯ ಗಂಡನ ಕುಡಿತದ ವಿಷಯವನ್ನೂ ನೀವು ಬರೆಯಲೇಬಾರದಿತ್ತು.

ಕೋಷ್ಟಕಗಳನ್ನು ಬದಿಗಿಟ್ಟು ಆ ಒಂದು ಮನೆಯ ಬಗ್ಗೆ ಆರು ಪುಟ ಬರೆಯಿರಿ. ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ, ಬರೆದದ್ದನ್ನು ತಾಯಿಗೂ ಸೊಸೆಗೂ ತುಳುವಿನಲ್ಲಿ ಓದಿ ಹೇಳಿ; ಅವರು ಬೇಡವೆಂದ ಸಾಲುಗಳನ್ನು ಹೊಡೆದುಹಾಕಿ ಕಳುಹಿಸಿ. ದೀಪಾವಳಿ ಸಂಚಿಕೆಯಲ್ಲಿ ಆರು ಪುಟಗಳನ್ನು ನಿಮಗಾಗಿ ತೆಗೆದಿಟ್ಟಿದ್ದೇನೆ.

ಇತಿ,
ಸಂಪಾದಕ